ಕಡವೆ ಕೊಂಬಿನ ಹಿಡಿ

ನನ್ನ ಹತ್ತಿರ ಐದು ಚೂರಿಗಳಿವೆ. ಪಿ.ಜಿ.ಯಲ್ಲಿ ಈ ಮಾತು ಬಾಯಿಬಿಟ್ಟ ದಿನ ಪಕ್ಕದ ಮಂಚದವನು ತನ್ನ ಮಂಚವನ್ನು ಒಂದು ಗೇಣು ಆಚೆ ಎಳೆದುಕೊಂಡ. ನಾನೇನು ರೌಡಿಯಲ್ಲ ಮಾರಾಯ್ರೆ. ಬಿ.ಎಸ್ಸಿ. ಮುಗಿಸಿ ವಿಜಯನಗರದಲ್ಲಿ ಕೂತು ಮೂರು ವರ್ಷದಿಂದ ಸ್ಪರ್ಧಾತ್ಮಕ ಪರೀಕ್ಷೆ ಬರೆಯುತ್ತಿರುವ, ಮೂಡಿಗೆರೆ ಕಡೆಯ ಸಾಧು ಪ್ರಾಣಿ. ಕೆಲವರು ನಾಣ್ಯ ಕೂಡಿಡುತ್ತಾರೆ, ಕೆಲವರು ಶೂ. ನನಗೆ ಹಳೇ ಶಿಕಾರಿ ಚೂರಿಗಳ ಹುಚ್ಚು.

ಶಿಕಾರಿ ಚೂರಿ ಎಂದರೆ ಸಿನಿಮಾದ ಖಳನಾಯಕ ಹಿಡಿಯುವ ಮೊಳದುದ್ದದ ಆಯುಧವಲ್ಲ. ನಿಜವಾದ ಶಿಕಾರಿಯವರ ಚೂರಿಯ ಅಲಗು ನಾಲ್ಕರಿಂದ ಆರು ಅಂಗುಲ, ಅಷ್ಟೇ. ಕೊಲ್ಲುವ ಕೆಲಸ ಕೋವಿಯದು. ಚೂರಿಯ ಕೆಲಸ ಶುರುವಾಗುವುದು ಆಮೇಲೆ: ಚರ್ಮ ಸುಲಿಯುವುದು, ಕೀಲು ಬಿಡಿಸುವುದು, ಪಾಲು ಹಾಕುವುದು. ಮಡಚುವ ಚೂರಿಯಾದರೆ ರಕ್ತ, ಕೊಬ್ಬು ಎಲ್ಲ ಮಡಿಕೆಯೊಳಗೆ ಹೊಕ್ಕು ನಾರುತ್ತದೆ. ಅದಕ್ಕೇ ಇದು ಮಡಚುವುದಿಲ್ಲ. ಅಲಗಿನ ಉಕ್ಕೇ ಬಾಲದ ಹಾಗೆ ಹಿಡಿಯೊಳಗೆ ಇಳಿದಿರುತ್ತದೆ.

ಐದರಲ್ಲಿ ಮೂರನ್ನು ಕೊಂಡದ್ದು ಚಿಕ್ಕಪೇಟೆ ಹತ್ತಿರದ ಸಂಡೇ ಬಜಾರಿನಲ್ಲಿ. ಬೆಳಿಗ್ಗೆ ಆರಕ್ಕೆಲ್ಲ ಅಲ್ಲಿರಬೇಕು. ಕೆಟ್ಟ ಮಿಕ್ಸರ್, ಒಂಟಿ ಶೂ, ಹಳೇ ರೇಡಿಯೊಗಳ ನಡುವೆ ಗೋಣಿಚೀಲದ ಮೇಲೆ ತುಕ್ಕು ಹಿಡಿದು ಮಲಗಿರುತ್ತವೆ. ಕೊಳ್ಳುವ ಮುಂಚೆ ಹಿಡಿಯ ಬುಡದಲ್ಲಿ ಅಲಗಿನ ಮೇಲಿರುವ ಮುದ್ರೆ ನೋಡಬೇಕು. ‘ಇಂಗ್ಲೆಂಡ್’ ಎಂಬ ಪದವಿದ್ದರೆ ಸಾಮಾನ್ಯವಾಗಿ ಅದು 1891ರ ನಂತರದ್ದು. ಹೊರದೇಶದ ಮಾಲಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕೆಂದು ಆ ವರ್ಷದಿಂದ ಅಮೆರಿಕ ನಿಯಮ ಮಾಡಿದ್ದು ಇದಕ್ಕೆ ಕಾರಣ. ಶೆಫೀಲ್ಡಿನ ಜೋಸೆಫ್ ರಾಜರ್ಸ್ ಕಂಪನಿಯ ಗುರುತು ಒಂದು ನಕ್ಷತ್ರ, ಒಂದು ಶಿಲುಬೆ; 1682ರಿಂದ ಬಂದ ಮುದ್ರೆ ಅದು. ಅದರ ನಕಲೂ ಬೇಕಾದಷ್ಟಿದೆ. ಅಕ್ಷರದ ಅಂಚು ಚೂಪಾಗಿ, ಉಕ್ಕಿನೊಳಗೆ ಒತ್ತಿದಂತಿದ್ದರೆ ನಂಬಬಹುದು. ಮೇಲೆ ಗೀಚಿದಂತಿದ್ದರೆ ಹಲ್ಲು ಕಿರಿದು ಮುಂದಕ್ಕೆ ಹೋಗುವುದು.

ನಾನು ಕೊಂಡ ಮೊದಲ ಚೂರಿಗೆ 350 ರೂಪಾಯಿ ಕೊಟ್ಟೆ, ಎರಡೇ ದಿನದಲ್ಲಿ ಅದನ್ನು ಹಾಳೂ ಮಾಡಿದೆ. ಗಲ್ಲಿಗೆ ಬಂದ ಸಾಣೆಯವನ ಮೋಟಾರು ಚಕ್ರಕ್ಕೆ ಕೊಟ್ಟಿದ್ದೆ. ಕಿಡಿ ಹಾರುವುದನ್ನು ನೋಡಿ ಖುಷಿಯಿಂದ ನಿಂತಿದ್ದೆ. ಅಂಚಿನುದ್ದಕ್ಕೂ ನವಿಲಿನ ಕತ್ತಿನಂಥ ನೀಲಿ ಬಂತು. ಚಂದ ಅಂದುಕೊಂಡೆ. ಆಮೇಲೆ ಎಷ್ಟು ಮಸೆದರೂ ನಾಲ್ಕು ಟೊಮೆಟೊ ಕತ್ತರಿಸುವಷ್ಟರಲ್ಲಿ ಮೊಂಡು. ಊರಿಗೆ ಒಯ್ದು ತೋರಿಸಿದಾಗ ಅಜ್ಜ ಅಂಚಿನ ಮೇಲೆ ಹೆಬ್ಬೆರಳನ್ನು ಅಡ್ಡಡ್ಡ ಸವರಿ, ‘ಹದ ಹೋಗೈತೆ ಕಣೋ. ಇನ್ನು ಸಗಣಿ ಕೆರೆಯಕ್ಕೆ ಆಯ್ತದೆ’ ಅಂದರು. ಹಳೇ ಕಾರ್ಬನ್ ಉಕ್ಕನ್ನು ಮೊದಲು ಕಾಸಿ ಅದ್ದಿ ಗಟ್ಟಿ ಮಾಡಿ, ಆಮೇಲೆ ಮತ್ತೆ ಸುಮಾರು 200 ಡಿಗ್ರಿಗೆ ಹದವಾಗಿ ಕಾಸಿರುತ್ತಾರೆ. ಆಗ ಬರುವ ಬಣ್ಣ ಒಣಹುಲ್ಲಿನದು. ನೀಲಿ ಬಂತೆಂದರೆ 300ರ ಹತ್ತಿರ ಹೋಗಿದೆ, ಅಂಚು ಮೆತ್ತಗಾಗಿದೆ ಎಂದರ್ಥ. ಇದನ್ನು ಪುಸ್ತಕದಲ್ಲಿ ಓದಿಕೊಂಡದ್ದು ಆಮೇಲೆ. ಅಜ್ಜನಿಗೆ ಹೆಬ್ಬೆರಳೇ ಸಾಕಾಗಿತ್ತು.

ಮಸೆಯುವುದನ್ನು ಕಲಿಸಿದ್ದೂ ಅವರೇ, 83ನೇ ವಯಸ್ಸಿನಲ್ಲಿ, ನಡುಗುವ ಕೈಯಲ್ಲಿ. ಬಚ್ಚಲ ಪಕ್ಕದ ಕಲ್ಲಿನ ಮೇಲೆ ಚೂರಿ ಇಟ್ಟೊಡನೆ ಆ ಕೈ ನಡುಗುವುದು ನಿಂತುಬಿಡುತ್ತಿತ್ತು. ಇದನ್ನು ನಾನು ಕಣ್ಣಾರೆ ಎಷ್ಟೋ ಸಲ ನೋಡಿದ್ದೇನೆ, ಕಾರಣ ಕೇಳಬೇಡಿ. ಅಲಗನ್ನು ಕಲ್ಲಿನಿಂದ ಎಷ್ಟು ಎತ್ತಬೇಕು ಎನ್ನುವುದೇ ಎಲ್ಲ ವಿದ್ಯೆ. ನನ್ನಂಥವರಿಗೆ ಒಂದು ಉಪಾಯ ಇದೆ. ಕಾಗದದ ಮೂಲೆ 90 ಡಿಗ್ರಿ. ಅದನ್ನು ಅರ್ಧಕ್ಕೆ ಮಡಚಿದರೆ 45, ಇನ್ನೊಮ್ಮೆ ಮಡಚಿದರೆ ಇಪ್ಪತ್ತೆರಡೂವರೆ. ಆ ಮೂಲೆಯನ್ನು ಕಲ್ಲಿನ ಮೇಲಿಟ್ಟು, ಅದರ ಓರೆಗೆ ಅಲಗು ಒರಗಿಸಿ ನೋಡಿದರೆ ಬೇಕಾದ ಕೋನ ಸಿಗುತ್ತದೆ. ಒಂದು ಕೂದಲು ಕಮ್ಮಿಯಿದ್ದರೂ ನಡೆಯುತ್ತದೆ, ಆದರೆ ಮೊದಲಿಂದ ಕೊನೆಯವರೆಗೂ ಅದೇ ಇರಬೇಕು. ಒಂದು ಕಡೆ ಮಸೆಯುತ್ತ ಹೋದರೆ ಇನ್ನೊಂದು ಕಡೆಗೆ ಕಣ್ಣಿಗೆ ಕಾಣದಂಥ ಉಕ್ಕಿನ ಎಳೆ ಮಡಚಿಕೊಳ್ಳುತ್ತದೆ. ಬುಡದಿಂದ ಮೊನೆವರೆಗೂ ಅದು ಬೆರಳಿಗೆ ಗರಗರ ಸಿಗಬೇಕು. ಸಿಗುವ ತನಕ ಮಗ್ಗುಲು ಬದಲಿಸುವಂತಿಲ್ಲ. ನಾವು ಸೋಲುವುದೇ ಇಲ್ಲಿ. ಎರಡು ನಿಮಿಷಕ್ಕೆ ಬೇಜಾರಾಗಿ ತಿರುಗಿಸುತ್ತೇವೆ. 400 ನಂಬರಿನ ಕಲ್ಲು, ಆಮೇಲೆ 1000ದ್ದು, ಕೊನೆಗೆ ಹಳೇ ಚರ್ಮದ ಬೆಲ್ಟಿನ ಒಳಮೈಗೆ ಬೆನ್ನು ಮುಂದಾಗಿ ಹತ್ತಿಪ್ಪತ್ತು ಸಲ ಎಳೆತ. ಪತ್ರಿಕೆಯ ಹಾಳೆಯನ್ನು ಗಾಳಿಯಲ್ಲಿ ಹಿಡಿದು ಎಳೆದರೆ ಸದ್ದಿಲ್ಲದೆ ಸೀಳಬೇಕು. (ಈ ಪುಟವನ್ನು ಓದಿ ಮುಗಿಸಿದ ಮೇಲೆ ಪ್ರಯತ್ನಿಸಿ.)

ಹೊಸಬರಿಗೆ ಸ್ವೀಡನ್ನಿನ ಮೋರಾ ಊರಿನ ಮರದ ಹಿಡಿಯ ಚೂರಿ ಒಳ್ಳೆಯ ಮೇಷ್ಟ್ರು. ಅದರ ಇಳಿಜಾರು ಅಗಲವಾಗಿರುವುದರಿಂದ ಕಲ್ಲಿನ ಮೇಲೆ ಚಪ್ಪಟೆ ಇಟ್ಟರೆ ಕೋನ ತಾನಾಗಿ ಸಿಗುತ್ತದೆ. ನನ್ನ ನಾಲ್ಕನೆಯದು ಅದೇ.

ಐದನೆಯದು ಅಜ್ಜನದು. ಅಜ್ಜನ ಅಪ್ಪ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ತೋಟ ಮಾರಿ ಇಂಗ್ಲೆಂಡಿಗೆ ಹೊರಟ ದೊರೆ ಹೋಗುವಾಗ ಕೊಟ್ಟದ್ದಂತೆ. ಶೆಫೀಲ್ಡಿನ ಆರಂಗುಲದ ಅಲಗು, ಹಿತ್ತಾಳೆಯ ತಡೆ, ಕಡವೆ ಕೊಂಬಿನ ಹಿಡಿ. ಆಗೆಲ್ಲ ಶೆಫೀಲ್ಡಿನ ಕಾರ್ಖಾನೆಗಳಿಗೆ ಕೊಂಬು ಹೋಗುತ್ತಿದ್ದದ್ದೇ ನಮ್ಮ ದೇಶದಿಂದ. ಬೇರೆ ಜಿಂಕೆಗಳ ಕೊಂಬಿಗಿಂತ ಕಡವೆಯ ಕೊಂಬು ಒಳಗೂ ಗಟ್ಟಿ, ಹಾಗಾಗಿ ಹಿಡಿ ಮಾಡುವವರಿಗೆ ಅದೇ ಬೇಕಿತ್ತು. ಯಾವುದೋ ಕಾಡಿನಲ್ಲಿ ಉದುರಿದ ಕೊಂಬು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ, ಚೂರಿಯ ಹಿಡಿಯಾಗಿ, ಮತ್ತೆ ಹಡಗು ಹತ್ತಿ ಪಶ್ಚಿಮಘಟ್ಟಕ್ಕೆ ವಾಪಸಾಗಿದೆ. ನಮ್ಮ ಮನೆಯಲ್ಲಿ ವಿದೇಶ ಸುತ್ತಿದ್ದು ಅದೊಂದೇ.

2023ರ ಆಯುಧಪೂಜೆಗೆ ಊರಿಗೆ ಹೋಗಿದ್ದೆ. ಅಟ್ಟದಿಂದ ಅದನ್ನಿಳಿಸಿ ಮಚ್ಚು, ಗುದ್ದಲಿ, ಅಪ್ಪನ ಬೈಕಿನ ಜೊತೆಗಿಟ್ಟು ಕುಂಕುಮ ಹಚ್ಚಿದ್ದೆವು. ಟಿ.ವಿ.ಯಲ್ಲಿ ಇಡೀ ದಿನ ಒಂದೇ ಸುದ್ದಿ: ಕುತ್ತಿಗೆಗೆ ಹುಲಿಯುಗುರು ಹಾಕಿಕೊಂಡಿದ್ದ ರಿಯಾಲಿಟಿ ಶೋ ಸ್ಪರ್ಧಿಯ ಬಂಧನ. ಅಪ್ಪ ಟಿ.ವಿ. ನೋಡಿದರು, ಚೂರಿ ನೋಡಿದರು. ‘ಇದೂ ಅದೇ ಕೇಸಲ್ವೇನೋ?’ ಅಂದರು.

ಅಲಗಿನ ಮಟ್ಟಿಗೆ ನನಗೆ ಹೆದರಿಕೆ ಇರಲಿಲ್ಲ. ಶಸ್ತ್ರಾಸ್ತ್ರ ನಿಯಮಗಳು ತಲೆ ಕೆಡಿಸಿಕೊಳ್ಳುವುದು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗಿನ ಬಗ್ಗೆ. ಆದರೆ ಹಿಡಿ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ನಾನು ಪರೀಕ್ಷೆಗೆಂದು ನಾಲ್ಕು ಸಲ ಓದಿದ್ದೆ. ಕಾಯ್ದೆ ಬಂದ ವರ್ಷ ಕೇಳಿದರೆ ನಿದ್ದೆಯಲ್ಲೂ ಹೇಳುತ್ತಿದ್ದೆ. ಅದು ನಮ್ಮ ಅಟ್ಟದ ಮೇಲೆ ಕೂತಿದೆ ಅಂತ ಒಮ್ಮೆಯೂ ಹೊಳೆದಿರಲಿಲ್ಲ.

ಇನ್ನೊಂದು ಗುಟ್ಟು ನನ್ನ ಹತ್ತಿರವೇ ಇತ್ತು. ತಿಂಗಳ ಹಿಂದೆ ಹಳೇ ಸಾಮಾನು ಕೊಳ್ಳುವವರೊಬ್ಬರಿಗೆ ಆ ಚೂರಿಯ ಫೋಟೊ ಕಳಿಸಿದ್ದೆ. 18,000 ಕೊಡುತ್ತೇನೆ ಎಂದಿದ್ದರು. ಕೊಂಬಿನ ಹಿಡಿಗೇ ಆ ಬೆಲೆ ಎಂದೂ ಹೇಳಿದ್ದರು. ಪಿ.ಜಿ. ಬಾಡಿಗೆ ಎರಡು ತಿಂಗಳದ್ದು ಬಾಕಿ, ಒಟ್ಟು 13,000. ಮನೆಯಲ್ಲಿ ಕೇಳಲು ಮುಖವಿರಲಿಲ್ಲ; ಆ ವರ್ಷ ಮಳೆ ಕೈಕೊಟ್ಟು ಮೆಣಸು ಉದುರಿತ್ತು. ಆಯುಧಪೂಜೆ ಮುಗಿದ ಮೇಲೆ ಅಜ್ಜನಿಗೆ ಏನೋ ಒಂದು ಹೇಳಿ ಚೂರಿಯನ್ನು ಬ್ಯಾಗಿಗೆ ಹಾಕಿಕೊಂಡು ಹೋಗುವುದೆಂದು ಲೆಕ್ಕ ಹಾಕಿಯೇ ಬಂದಿದ್ದೆ. ಸುಳ್ಳನ್ನೂ ತಯಾರು ಮಾಡಿಕೊಂಡಿದ್ದೆ.

ಮಾರಲಿಲ್ಲ. ಒಳ್ಳೆಯತನದಿಂದಲ್ಲ, ಭಯದಿಂದ. ಸರ್ಕಾರಿ ನೌಕರಿಯ ಕನಸಿರುವವನಿಗೆ ಪೊಲೀಸ್ ವೆರಿಫಿಕೇಷನ್ ಎಂದರೆ ಏನೆಂದು ಈ ಪುಟ ಓದುವವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಎಫ್‌ಐಆರ್ ಸಾಕು. ಕೊಳ್ಳುವವರ ನಂಬರ್ ಬ್ಲಾಕ್ ಮಾಡಿದೆ. ಆ ರಾತ್ರಿ ನಿದ್ದೆ ಬರಲಿಲ್ಲ, ಫೋಟೊ ಅವರ ಫೋನಿನಲ್ಲಿ ಇತ್ತಲ್ಲ.

ಜನವರಿಯಲ್ಲಿ ಸರ್ಕಾರ, ಮನೆಯಲ್ಲಿರುವ ವನ್ಯಜೀವಿ ವಸ್ತುಗಳನ್ನು ಒಪ್ಪಿಸಲು ಮೂರು ತಿಂಗಳ ಗಡುವು ಕೊಟ್ಟಿತು. ಮನೆಯಲ್ಲಿ ಸಭೆ ಕೂತಿತು. ‘ಹಳ್ಳಕ್ಕೆ ಎಸೆದು ಬಾ’ ಎಂದು ಅಪ್ಪ. ‘ಅಟ್ಟದ ಮೇಲೆ ಐತೆ, ಯಾರಿಗೆ ಗೊತ್ತಾಯ್ತದೆ’ ಎಂದು ಅಮ್ಮ. ಅಜ್ಜ ಅಡಿಕೆ ಜಗಿಯುತ್ತ ಸುಮ್ಮನಿದ್ದರು. ಬಹಳ ಹೊತ್ತಾದ ಮೇಲೆ, ‘ಕೊಂಬು ಕಾಡಿಂದು, ಕೊಟ್ಟುಬಿಡು. ಕಬ್ಬಿಣ ನಮ್ಮದು, ಅದನ್ನ ಇಟ್ಕೊ’ ಅಂದರು.

ಅವತ್ತೇ ಅವರು ಶಿಕಾರಿ ಬಿಟ್ಟ ಕಥೆ ಹೇಳಿದ್ದು. ಕಾನೂನು ಬಂತು, ಬಿಟ್ಟರು ಎಂದೇ ನಾನು ತಿಳಿದಿದ್ದೆ. ಅದು ಕಾನೂನು ಬರುವ ಹಿಂದಿನ ವರ್ಷವಂತೆ. ಹಂದಿ ಶಿಕಾರಿಗೆ ಹೋಗಿದ್ದಾರೆ. ಹಳು ನುಗ್ಗುವವರು ಕೂಗುತ್ತ ಬರುತ್ತಿದ್ದಾರೆ. ಲಂಟಾನದ ಪೊದೆ ಅಲ್ಲಾಡಿತು, ಬಿಲ್ಲಿಗೆ ನಿಂತಿದ್ದ ಒಬ್ಬರು ಈಡು ಹೊಡೆದರು. ಹಂದಿಯಲ್ಲ, ಮನುಷ್ಯ. ತೊಡೆಗೆ ಚರೆ ಹೊಕ್ಕಿತ್ತು. ಇದೇ ಚೂರಿಯಿಂದ ಅಜ್ಜ ಅವನ ಪಂಚೆ ಸೀಳಿ ಗಾಯಕ್ಕೆ ಕಟ್ಟಿ, ಎರಡು ಬಿದಿರು ಕಡಿದು, ಕಂಬಳಿ ಬಿಗಿದು, ಮೂರು ಮೈಲಿ ಹೊತ್ತು ತಂದರು. ಮನುಷ್ಯ ಬದುಕಿದ, ಕುಂಟುತ್ತ. ಅವನನ್ನು ನಾನೂ ಚಿಕ್ಕಂದಿನಲ್ಲಿ ನೋಡಿದ್ದೇನೆ. ಕುಂಟಜ್ಜ ಎಂದು ಕರೆಯುತ್ತಿದ್ದೆವು, ಯಾಕೆ ಕುಂಟುತ್ತಾನೆ ಎಂದು ಕೇಳಿರಲಿಲ್ಲ. ಹೊಡೆದವರು ಯಾರೆಂದು ಕೇಳಿದೆ. ಅಜ್ಜ ಎದ್ದು ಹೊರಗೆ ಹೋಗಿ ಎಲೆಯಡಿಕೆ ಉಗಿದು ಬಂದರು. ನಾನು ಮತ್ತೆ ಕೇಳಲಿಲ್ಲ.

ಹಿಡಿ ಬಿಚ್ಚುವುದಕ್ಕೆ ಒಂದು ಮಧ್ಯಾಹ್ನ ಹಿಡಿಯಿತು. ಹಿತ್ತಾಳೆ ಮೊಳೆಯನ್ನು ಹೊರಗೆ ಹೊಡೆದು, ಬಿಸಿನೀರಿನಲ್ಲಿ ಅದ್ದಿಟ್ಟು, ಒಳಗಿನ ರಾಳದ ಅಂಟು ಕರಗಿದ ಮೇಲೆ ಹಗುರಕ್ಕೆ ತಿರುಗಿಸಿದೆ. ಕಮಟು ವಾಸನೆಯೊಂದಿಗೆ ಕಳಚಿ ಬಂತು. ನೋಡಿದರೆ ಒಳಗಿನ ಬಾಲ ಅರ್ಧದಷ್ಟು ತುಕ್ಕಿಗೆ ಹೋಗಿದೆ. ಹೊರಗಿನ ಅಲಗಿಗೆ ನಾವು ಎಣ್ಣೆ ಹಚ್ಚಿದ್ದೇ ಹಚ್ಚಿದ್ದು. ಒಳಗೆ ಮಲೆನಾಡಿನ ಐವತ್ತು ಮಳೆಗಾಲ ತಮ್ಮ ಪಾಡಿಗೆ ಕೆಲಸ ಮಾಡಿದ್ದವು. ಜೋರಾಗಿ ಬಳಸಿದ್ದರೆ ಯಾವತ್ತೋ ಮುರಿಯುತ್ತಿತ್ತು. ಹಳೇ ಚೂರಿ ಇರುವವರಿಗೆ ಇಲ್ಲೊಂದು ಮಾತು: ಅದನ್ನು ಚರ್ಮದ ಒರೆಯಲ್ಲಿ ಇಟ್ಟು ಮರೆಯಬೇಡಿ. ಚರ್ಮ ನೀರು ಹೀರಿಕೊಂಡು ಉಕ್ಕನ್ನು ತಿನ್ನುತ್ತದೆ. ಒರೆ ಬೇರೆ, ಚೂರಿ ಬೇರೆ ಇರಲಿ. ಕೊಬ್ಬರಿ ಎಣ್ಣೆ ಬೇಡ, ಅಂಟಾಗುತ್ತದೆ. ಹೊಲಿಗೆ ಮಿಷನ್ನಿನ ಎಣ್ಣೆ ಸಾಕು. ಅಲಗಿನ ಬೂದುಗಪ್ಪು ಬಣ್ಣವನ್ನು ಮಾತ್ರ ಉಜ್ಜಿ ತೆಗೆಯಬೇಡಿ. ಅದು ಕೊಳೆಯಲ್ಲ, ಉಕ್ಕಿನ ವಯಸ್ಸು. ಕೆಂಪು ತುಕ್ಕು ಬೇರೆ, ಅದನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ.

ವಲಯ ಅರಣ್ಯ ಕಚೇರಿಗೆ ಅರ್ಜಿ ಬರೆದುಕೊಂಡು ನಾನೂ ಅಪ್ಪನೂ ಹೋದೆವು. ಅಪ್ಪ ಮದುವೆಗೆ ಹಾಕುವ ಶರ್ಟು ಹಾಕಿದ್ದರು. ಅಲ್ಲಿದ್ದವರು ನಾಲ್ಕಂಗುಲದ ಕೊಂಬಿನ ತುಂಡನ್ನು ತಿರುಗಿಸಿ ನೋಡಿ, ‘ಇಷ್ಟೇನಾ?’ ಎಂದು ಕೇಳಿ, ಬರೆದುಕೊಂಡರು. ನಾನು ನಾಲ್ಕು ತಿಂಗಳು ಹೆದರಿದ್ದಕ್ಕೆ ಒಂದೇ ಪದದ ಉತ್ತರ.

ಹೊಸ ಹಿಡಿಗೆ ತೋಟದಲ್ಲೇ ಒಣಗಿದ್ದ ಹಳೇ ರೊಬಸ್ಟಾ ಗಿಡದ ಕಾಂಡ ಸಿಕ್ಕಿತು. ಕಾಫಿ ಮರ ಗಟ್ಟಿ, ಒಳ್ಳೆಯ ಹೊಳಪು ಬರುತ್ತದೆ. ಪಕ್ಕದೂರಿನ ಆಚಾರರು ಉಳಿದ ಬಾಲಕ್ಕೆ ಹೊಸ ಕಬ್ಬಿಣ ಬೆಸೆದು, ಅದನ್ನು ಕೆಂಪಗೆ ಕಾಸಿ ಮರದೊಳಗೆ ಇಳಿಸಿದರು. ಅಷ್ಟು ಹೊತ್ತೂ ಅಲಗಿಗೆ ಒದ್ದೆ ಗೋಣಿ ಸುತ್ತಿ, ಮೇಲೆ ನೀರು ಹನಿಸುತ್ತ ಕೂರುವುದು ನನ್ನ ಕೆಲಸ. ಎಲ್ಲಿ ಆ ನೀಲಿ ಬಣ್ಣ ಬಂದುಬಿಡುತ್ತದೋ ಎಂದು ಕಣ್ಣು ಮಿಟುಕಿಸಲಿಲ್ಲ.

ಬಾಡಿಗೆ ಏನಾಯಿತು ಎಂದು ಕೇಳುತ್ತೀರಿ. ಪಿ.ಜಿ.ಯ ಅಡುಗೆಮನೆಯ ಚಾಕುಗಳು ಎಷ್ಟು ಮೊಂಡಾಗಿದ್ದವೆಂದರೆ ಈರುಳ್ಳಿಯನ್ನು ಜಜ್ಜುತ್ತಿದ್ದರು. ಒಂದು ಭಾನುವಾರ ಎಲ್ಲವನ್ನೂ ಮಸೆದುಕೊಟ್ಟೆ. ಅಡುಗೆಯವರು ಪಕ್ಕದ ಮೆಸ್ಸಿಗೆ ಹೇಳಿದರು, ಮೆಸ್ಸಿನವರು ಇನ್ನೊಬ್ಬರಿಗೆ. ಒಂದಕ್ಕೆ 30 ರೂಪಾಯಿ. ಬಾಕಿ ತೀರಲು ಏಳು ತಿಂಗಳು ಬೇಕಾಯಿತು, ಮಾಲೀಕರು ಕಾದರು. ಆ ವರ್ಷದ ಪರೀಕ್ಷೆಯ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಮುಂದಿನದಕ್ಕೆ ಅರ್ಜಿ ಹಾಕಿದ್ದೇನೆ.

ಮೊನ್ನೆ ಊರಿಗೆ ಹೋದಾಗ ಅಜ್ಜ ಅದೇ ಚೂರಿಯಿಂದ ಮೆಣಸಿನ ಬಳ್ಳಿಯ ಕುಡಿ ಕತ್ತರಿಸುತ್ತ ಕೂತಿದ್ದರು. ಹೇಗಿದೆ ಎಂದು ಕೇಳಿದೆ. ಕೈಯಲ್ಲಿ ತಿರುಗಿಸಿ ನೋಡಿ, ‘ಹಿಡಿ ಒಂಚೂರು ದಪ್ಪ ಆತು’ ಅಂದರು. ನಾನು ಉಪ್ಪುಕಾಗದ ಹುಡುಕಲು ಒಳಗೆ ಹೋದೆ.