ಹೋಮ್ ಥಿಯೇಟರ್ ದೃಶ್ಯೋಪಕರಣಗಳ ಜೋಡಣೆ: ಗ್ರಾಹಕರಿಗೆ ಮಾಹಿತಿ

ಹೈ ಡೆಫಿನಿಷನ್ ವಾಹಿನಿಗಳಿಗೆ ಶುಲ್ಕ ಪಾವತಿಸಿದ್ದರೂ ಕೆಲವು ಮನೆಗಳಲ್ಲಿ ಚಿತ್ರವು ಮಸುಕಾಗಿ ಕಾಣುವುದುಂಟು. ಸೆಟ್ ಟಾಪ್ ಬಾಕ್ಸನ್ನು ಹಳದಿ ತುದಿಯ ತಂತಿಯಿಂದ ಟಿ.ವಿ.ಗೆ ಜೋಡಿಸಿರುವುದು ಇದಕ್ಕೆ ಒಂದು ಕಾರಣವಾಗಿರಬಹುದು.

ಜೋಡಣೆಯ ವಿಧಗಳು

1. ಕಾಂಪೊಸಿಟ್ (ಹಳದಿ): ಬೆಳಕು ಮತ್ತು ಬಣ್ಣದ ಸಂಕೇತಗಳು ಒಂದೇ ತಂತಿಯಲ್ಲಿ ಬೆರೆತು ಸಾಗುತ್ತವೆ. ಹೈ ಡೆಫಿನಿಷನ್ ಚಿತ್ರವನ್ನು ಇದು ರವಾನಿಸಲಾರದು.

2. ಕಾಂಪೊನೆಂಟ್ (ಹಸಿರು, ನೀಲಿ, ಕೆಂಪು): ಬೆಳಕಿನ ಸಂಕೇತವು ಹಸಿರು ತಂತಿಯಲ್ಲಿಯೂ ಬಣ್ಣದ ಸಂಕೇತಗಳು ಉಳಿದೆರಡರಲ್ಲಿಯೂ ಪ್ರತ್ಯೇಕವಾಗಿ ಸಾಗುತ್ತವೆ. ಧ್ವನಿಗೆ ಬೇರೆ ತಂತಿಗಳು ಅಗತ್ಯ.

3. ಎಚ್.ಡಿ.ಎಂ.ಐ.: 2002ರಲ್ಲಿ ಪ್ರಕಟವಾದ ಈ ವ್ಯವಸ್ಥೆಯಲ್ಲಿ ಚಿತ್ರ ಹಾಗೂ ಧ್ವನಿ ಒಂದೇ ಕೇಬಲ್‌ನಲ್ಲಿ ಡಿಜಿಟಲ್ ರೂಪದಲ್ಲಿ ಸಾಗುತ್ತವೆ. ಈ ಸೌಲಭ್ಯವಿದ್ದಲ್ಲಿ ಇದನ್ನೇ ಬಳಸುವುದು ಸೂಕ್ತ.

ಜೋಡಿಸುವ ಕ್ರಮ

ಮೊದಲು ಎಲ್ಲ ಉಪಕರಣಗಳ ಸ್ವಿಚ್ ಆರಿಸಿ ಪ್ಲಗ್‌ಗಳನ್ನು ಹೊರತೆಗೆಯತಕ್ಕದ್ದು. ಸೆಟ್ ಟಾಪ್ ಬಾಕ್ಸ್ ಹಾಗೂ ಡಿ.ವಿ.ಡಿ. ಪ್ಲೇಯರ್‌ಗಳ 'ಔಟ್' ಕಿಂಡಿಗಳಿಂದ ರಿಸೀವರ್‌ನ 'ಇನ್' ಕಿಂಡಿಗಳಿಗೆ ಕೇಬಲ್ ಜೋಡಿಸಬೇಕು. ರಿಸೀವರ್‌ನ 'ಔಟ್' ಕಿಂಡಿಯಿಂದ ಟಿ.ವಿ.ಯ 'ಇನ್' ಕಿಂಡಿಗೆ ಮತ್ತೊಂದು ಕೇಬಲ್ ಜೋಡಿಸಬೇಕು. ಅನಂತರ ವಿದ್ಯುತ್ ನೀಡಿ, ರಿಸೀವರ್ ಹಾಗೂ ಟಿ.ವಿ.ಯಲ್ಲಿ ಆಯಾ ಇನ್‌ಪುಟ್ ಆರಿಸಿ, ಟಿ.ವಿ.ಗೆ ಹೊಂದುವ ರೆಸೊಲ್ಯೂಷನ್ ಅನ್ನು ಸೆಟ್ ಟಾಪ್ ಬಾಕ್ಸ್‌ನಲ್ಲಿ ನಿಗದಿಪಡಿಸಬೇಕು.

ಗ್ರಾಹಕರ ಗಮನಕ್ಕೆ

ಒಂದೆರಡು ಮೀಟರ್ ದೂರಕ್ಕೆ ಸಾಧಾರಣ ಬೆಲೆಯ ಎಚ್.ಡಿ.ಎಂ.ಐ. ಕೇಬಲ್ ಸರಿಯಾಗಿ ಕೆಲಸ ಮಾಡುತ್ತಿದ್ದಲ್ಲಿ, ದುಬಾರಿ ಕೇಬಲ್‌ನಿಂದ ಚಿತ್ರದ ಗುಣಮಟ್ಟ ಹೆಚ್ಚುವುದಿಲ್ಲ. ಗುಡುಗು, ಸಿಡಿಲಿನ ಸೂಚನೆ ಕಂಡೊಡನೆ, ಮಳೆ ಆರಂಭವಾಗುವ ಮುನ್ನವೇ, ವಿದ್ಯುತ್ ಪ್ಲಗ್ ಮತ್ತು ಡಿಶ್ ಕೇಬಲ್‌ಗಳೆರಡನ್ನೂ ಬೇರ್ಪಡಿಸಬೇಕೆಂದು ಕೋರಲಾಗಿದೆ.