ಬ್ರಿಜ್ ಆಟದಲ್ಲಿ ಮೊದಲ ಸವಾಲು

ಇಸ್ಪೀಟೆಲೆ ಎಂದೊಡನೆ ಮೂಗು ಮುರಿಯುವ ಹಿರಿಯರು ನಮ್ಮಲ್ಲಿ ಕಡಮೆಯೇನಿಲ್ಲ. ಆದರೆ ಬ್ರಿಜ್ ಆಟವು ಕೇವಲ ಅದೃಷ್ಟವನ್ನು ನಂಬಿದುದಲ್ಲ. 1925ರಲ್ಲಿ ಅಮೇರಿಕದ ಹೆರಾಲ್ಡ್ ವಾಂಡರ್‌ಬಿಲ್ಟರು ಹಡಗಿನ ಪ್ರಯಾಣವೊಂದರಲ್ಲಿ ಇದರ ಅಂಕಕ್ರಮವನ್ನು ಹೊಸದಾಗಿ ರೂಪಿಸಿದರು. ಅಂದಿನಿಂದ ಇದು ‘ಕಾಂಟ್ರಾಕ್ಟ್ ಬ್ರಿಜ್’ ಎನಿಸಿತು. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ದೇಶದ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಅವರ ಜೋಡಿಯು ಈ ಆಟದಲ್ಲಿಯೇ ಚಿನ್ನದ ಪದಕವನ್ನು ಗಳಿಸಿತು.

ಕಲಿಯುವವನಿಗೆ ಎದುರಾಗುವ ಮೊದಲ ತೊಡಕು ಇದು: 13 ಎಲೆಗಳನ್ನು ಕೈಗೆತ್ತಿಕೊಂಡ ಮೇಲೆ ಸವಾಲು ಕೂಗಬೇಕೆ, ‘ಪಾಸ್’ ಎನ್ನಬೇಕೆ?

ಮೊದಲು ಎಣಿಕೆ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1. ಇಪ್ಪತ್ತೆಂಟರ ಆಟವನ್ನು ಬಲ್ಲವರು ಗುಲಾಮನ ಅಲ್ಲಿಯ ಗತ್ತನ್ನು ಇಲ್ಲಿ ಮರೆಯಬೇಕು. ಇಡೀ ಕಟ್ಟಿನಲ್ಲಿ ಒಟ್ಟು 40 ಅಂಕ. ಸರಾಸರಿ ತಲೆಗೆ 10. ಈ ಎಣಿಕೆಯನ್ನು ಎಲ್ಲೆಡೆ ಬಳಕೆಗೆ ತಂದವರಲ್ಲಿ ಚಾರ್ಲ್ಸ್ ಗೋರೆನ್ ಅವರು ಪ್ರಮುಖರು.

ಕೈಯಲ್ಲಿ 13 ಅಂಕವಿದ್ದರೆ ಸವಾಲು ಕೂಗಬೇಕೆಂಬುದು ಹಳೆಯ ನಿಯಮ. ಇದಕ್ಕೆ ಕಾರಣವುಂಟು. ಇಸ್ಪೇಟು ಅಥವಾ ಆಟೀನಿನಲ್ಲಿ ನಾಲ್ಕರ ಸವಾಲನ್ನು, ಇಲ್ಲವೆ ತುರುಪಿಲ್ಲದ ಮೂರರ ಸವಾಲನ್ನು ಪೂರೈಸಿ ‘ಗೇಮ್’ ಗಳಿಸಲು ಜೊತೆಗಾರರಿಬ್ಬರಲ್ಲೂ ಸೇರಿ ಸುಮಾರು 26 ಅಂಕ ಬೇಕು. ಅದರ ಅರ್ಧವೇ 13. ಇಬ್ಬರಲ್ಲೂ 13 ಇದ್ದು ಇಬ್ಬರೂ ಸುಮ್ಮನೆ ಕುಳಿತರೆ ಕೈಗೆ ಬಂದ ಗೇಮ್ ಹಾಳಾಗುತ್ತದೆ.

ಆದರೆ ಅಂಕವೊಂದನ್ನೇ ನಂಬುವಂತಿಲ್ಲ. ಒಬ್ಬನ ಕೈಯಲ್ಲಿ ಇಸ್ಪೇಟಿನ ಎಕ್ಕ, ರಾಜ ಸಹಿತ ಐದೆಲೆ, ಆಟೀನಿನ ಎಕ್ಕ ಸಹಿತ ನಾಲ್ಕೆಲೆ, ಉಳಿದೆರಡು ಜಾತಿಗಳಲ್ಲಿ ಎರಡೆರಡು ಸಣ್ಣ ಎಲೆಗಳಿವೆ ಎನ್ನೋಣ. ಅಂಕ 11 ಮಾತ್ರ. ಇನ್ನೊಬ್ಬನಲ್ಲಿ ಒಂದು ಜಾತಿಯ ನಾಲ್ಕು, ಉಳಿದವುಗಳ ಮೂರು ಮೂರು ಎಲೆ. ಮೂರು ಜಾತಿಗಳಲ್ಲಿ ರಾಣಿ-ಗುಲಾಮ, ಮತ್ತೊಂದರಲ್ಲಿ ರಾಜ. ಅಂಕ 12. ಆದರೂ ಮೊದಲನೆಯವನೇ ಬಲಶಾಲಿ. ಅವನ ಎಕ್ಕಗಳು ಒಡನೆಯೇ ಫಲ ಕೊಡುವಂಥವು, ಅವನ ಬಲವೆಲ್ಲ ಉದ್ದದ ಜಾತಿಗಳಲ್ಲಿಯೇ ಇದೆ.

ಇದನ್ನಳೆಯಲು ಅಮೇರಿಕದ ಮಾರ್ಟಿ ಬರ್ಗನ್ ಅವರಿಂದ ಹೆಸರಾದ ‘ಇಪ್ಪತ್ತರ ಸೂತ್ರ’ವು ಸಹಾಯಕ. ಅಂಕಗಳಿಗೆ ಅತ್ಯಂತ ಉದ್ದವಾದ ಎರಡು ಜಾತಿಗಳ ಎಲೆಸಂಖ್ಯೆಯನ್ನು ಕೂಡಿಸಿರಿ. ಮೊತ್ತ 20 ಆದರೆ ಕೂಗಬಹುದು. ಮೊದಲನೆಯವನಿಗೆ 11, 5, 4 ಸೇರಿ 20. ಎರಡನೆಯವನಿಗೆ 12, 4, 3 ಸೇರಿ 19. ಅವನು ‘ಪಾಸ್’ ಎನ್ನುವುದೇ ಲೇಸು.

ಕುಳಿತ ಸ್ಥಾನವನ್ನೂ ನೋಡಬೇಕು. ಮೊದಲಿಬ್ಬರು ಪಾಸ್ ಎಂದ ಮೇಲೆ ಮೂರನೆಯವನು ತುಸು ಕಡಮೆ ಬಲದಲ್ಲಿಯೂ ಕೂಗಬಹುದು. ಜೊತೆಗಾರನು ಆಗಲೇ ಪಾಸ್ ಎಂದಿರುವುದರಿಂದ, ಅವನ ಉತ್ತರಕ್ಕೆ ಮತ್ತೆ ಕೂಗಲೇಬೇಕೆಂಬ ಬಂಧನವಿಲ್ಲ. ನಾಲ್ಕನೆಯವನಾದರೋ ಪಾಸ್ ಎಂದರೆ ಆ ಕೈಯೇ ಮುಗಿಯಿತು, ಯಾರಿಗೂ ನಷ್ಟವಿಲ್ಲ. ಅನುಮಾನವಿದ್ದಾಗ ಅವನು ತನ್ನ ಅಂಕಕ್ಕೆ ಇಸ್ಪೇಟಿನ ಎಲೆಗಳ ಸಂಖ್ಯೆಯನ್ನು ಕೂಡಿಸಿ, 15 ಆದರೆ ಮಾತ್ರ ಕೂಗಲಿ. ಇಸ್ಪೇಟು ಜಾತಿಗಳಲ್ಲೆಲ್ಲ ಮೇಲಿನದು. ಅದು ನಮ್ಮಲ್ಲಿಲ್ಲವಾದರೆ ಎದುರಾಳಿಗಳು ನಮ್ಮನ್ನು ಸುಲಭವಾಗಿ ಮೀರಿಸುವರು.

ಇಷ್ಟು ಲೆಕ್ಕಾಚಾರವೇಕೆಂದು ಕೇಳಬಹುದು. ಮೊದಲ ಸವಾಲು ಎದುರಾಳಿಗೆ ಹಾಕುವ ಬೆದರಿಕೆಯಲ್ಲ, ಜೊತೆಗಾರನಿಗೆ ಕೊಡುವ ಮಾತು. ಅವನು ನಮ್ಮ ಎಲೆಗಳನ್ನು ಕಾಣಲಾರ. ಆ ಮಾತನ್ನೇ ನಂಬಿ ಮುಂದಿನ ಹೆಜ್ಜೆಯಿಡುತ್ತಾನೆ. ಪಾಲುಗಾರಿಕೆಯಲ್ಲಿ ಹೋಟೆಲು ನಡೆಸಿದವರಿಗೆ ಇದು ಹೊಸದಲ್ಲ. ಇಲ್ಲದ ಬಂಡವಾಳವನ್ನು ಇದೆಯೆನ್ನುವ ಪಾಲುಗಾರನು ಅಂಗಡಿಯನ್ನು ಸಾಲಕ್ಕೆ ತಳ್ಳುತ್ತಾನೆ. ಇದ್ದುದನ್ನು ಬಚ್ಚಿಡುವವನು ಒಳ್ಳೆಯ ವ್ಯಾಪಾರವನ್ನು ಕೈಬಿಡುವಂತೆ ಮಾಡುತ್ತಾನೆ. ಆದುದರಿಂದ ಸೂತ್ರ ಯಾವುದೇ ಇರಲಿ, ಜೊತೆಗಾರರಿಬ್ಬರೂ ಆಟಕ್ಕೆ ಮುಂಚೆ ಅದನ್ನು ಮಾತಾಡಿಕೊಂಡು, ಎದುರಾಳಿಗಳು ಕೇಳಿದರೆ ಅವರಿಗೂ ಮರೆಮಾಚದೆ ತಿಳಿಸಿ, ಅದರಂತೆಯೇ ನಡೆಯಬೇಕು.