ಪರದೆಗೆ ಬಂದ ಪುಸ್ತಕದ ಭೂತಗಳು: ಅಭಿಮಾನಿಗಳಲ್ಲಿ ಹರ್ಷ, ತಕರಾರು

ಅಮೆರಿಕದ ಆಲ್ವಿನ್ ಶ್ವಾರ್ಟ್ಸ್ ಅವರು ಜಾನಪದದಿಂದ ಆಯ್ದು 1981, 1984 ಹಾಗೂ 1991ರಲ್ಲಿ ಮಕ್ಕಳಿಗಾಗಿ ಹೊರತಂದ ‘ಸ್ಕೇರಿ ಸ್ಟೋರೀಸ್ ಟು ಟೆಲ್ ಇನ್ ದ ಡಾರ್ಕ್’ ಮಾಲೆಯ 3 ಪುಸ್ತಕಗಳು ಅಲ್ಲಿನ ಒಂದು ತಲೆಮಾರಿನ ನಿದ್ದೆಗೆಡಿಸಿದ್ದವು ಎಂದರೆ ಅತಿಶಯೋಕ್ತಿಯಾಗಲಾರದು. ಕಥೆಗಿಂತಲೂ ಹೆದರಿಸಿದ್ದು ಸ್ಟೀಫನ್ ಗ್ಯಾಮೆಲ್ ಅವರ ಕಪ್ಪು-ಬಿಳುಪು ಚಿತ್ರಗಳು. ಅಮೆರಿಕದ ಗ್ರಂಥಾಲಯ ಸಂಘದ ಪ್ರಕಾರ 1990ರ ದಶಕದಲ್ಲಿ ಅತಿ ಹೆಚ್ಚು ಆಕ್ಷೇಪಕ್ಕೆ ಗುರಿಯಾದದ್ದೂ ಇದೇ ಮಾಲೆ. 2011ರ ಆವೃತ್ತಿಯಲ್ಲಿ ಬೇರೊಬ್ಬ ಕಲಾವಿದರ ಸೌಮ್ಯ ಚಿತ್ರಗಳು ಬಂದಾಗ ಸಿಟ್ಟಾದವರು ಯಾರು? ಹಳೆಯ ಚಿತ್ರಗಳಿಗೆ ಹೆದರಿ ಬೆಳೆದವರೇ! 2017ರಲ್ಲಿ ಗ್ಯಾಮೆಲ್ ಚಿತ್ರಗಳು ಮರಳಿದವು.

ಹೀಗಾಗಿ ಗಿಯೆರ್ಮೊ ದೆಲ್ ತೊರೊ ನಿರ್ಮಾಪಕರಲ್ಲೊಬ್ಬರಾಗಿದ್ದ, ಆಂದ್ರೆ ಓವ್ರೆದಾಲ್ ನಿರ್ದೇಶನದ ಚಿತ್ರ 2019ರ ಆಗಸ್ಟ್‌ನಲ್ಲಿ ತೆರೆಕಂಡಾಗ ಅಭಿಮಾನಿಗಳು ಹುಡುಕಿದ್ದು ಆ ಮುಖಗಳನ್ನೇ. ಹೆರಾಲ್ಡ್ ಎಂಬ ಬೆದರುಗೊಂಬೆ, ಆಸ್ಪತ್ರೆಯ ಕೆಂಪು ಓಣಿಯಲ್ಲಿ ನಿಧಾನವಾಗಿ ನಡೆದು ಬರುವ ಬಿಳಿಚಿದ ಹೆಂಗಸು ಪುಟದಿಂದಲೇ ಎದ್ದು ಬಂದಂತಿವೆ ಎಂದು ಮೆಚ್ಚಿದರು. ಆದರೆ ಬಿಡಿಬಿಡಿ ಕಥೆಗಳನ್ನು 1968ರ ಹದಿಹರೆಯದವರ ಒಂದೇ ಕಥೆಗೆ ಪೋಣಿಸಿದ್ದು ಹಲವರಿಗೆ ರುಚಿಸಲಿಲ್ಲ. ಎರಡು ಪುಟದಲ್ಲಿ, ಕಾರಣ ಹೇಳದೆ ಮುಗಿಯುವುದೇ ಮೂಲದ ಬಲ. ಚಿತ್ರದಲ್ಲಿ ಎಲ್ಲದಕ್ಕೂ ಸಾರಾ ಬೆಲೋಸ್ ಎಂಬ ನೊಂದ ಹೆಣ್ಣಿನ ಹಿನ್ನೆಲೆ. ಈ ತಕರಾರಿನಲ್ಲಿ ಹುರುಳಿಲ್ಲದಿಲ್ಲ.